ಚಂಡೀಗಢದ ಮಣ್ಣು

ಹೊಸದಾಗಿ ನಿರ್ಮಿತವಾದ ನಗರಗಳನ್ನು ಕುರಿತು ಗ್ರಂಥ ಬರೆಯುವವರು ಸಾಮಾನ್ಯವಾಗಿ ಅವುಗಳ ನಕ್ಷೆಯ ಮುಂದೆಯೇ ಕುಳಿತುಬಿಡುತ್ತಾರೆ. ಬೀದಿಗಳ ಋಜುತ್ವ, ಉದ್ಯಾನಗಳ ವಿಸ್ತಾರ, ವಾಸ್ತುಶಿಲ್ಪಿಯ ಪ್ರತಿಭೆ, ಆತನ ಸಿದ್ಧಾಂತ, ಆ ಸಿದ್ಧಾಂತದ ಮೇಲೆ ಇತರರು ತಂದ ಆಕ್ಷೇಪ, ಇವುಗಳ ವಿವೇಚನೆಯಲ್ಲಿಯೇ ಪುಟಗಳು ಮುಗಿದುಹೋಗುತ್ತವೆಯೇ ವಿನಾ, ಈ ಗೋಡೆಯ ಇಟ್ಟಿಗೆ ಯಾವ ಊರಿನ ಹೊಲದ ಮಣ್ಣು, ಈ ಕಂಬದೊಳಗಿನ ಮರಳು ಯಾವ ಹಳ್ಳದ ಪಾತ್ರದಿಂದ ಬಂದುದು, ಅದನ್ನು ತಲೆಯ ಮೇಲೆ ಹೊತ್ತವರು ಯಾರು ಎಂಬ ಪ್ರಾಕೃತವಾದ ಪ್ರಶ್ನೆಗೆ ಅಲ್ಲಿ ಎಡೆ ದೊರೆಯುವುದು ಅಪೂರ್ವ. ಚಂಡೀಗಢಕ್ಕೆ ಹೊರಟಾಗ ನನ್ನ ಚೀಲದಲ್ಲಿಯೂ ಅಂಥವೇ ಒಂದೆರಡು ಗ್ರಂಥಗಳಿದ್ದವು. ಆದರೆ ಅಲ್ಲಿ ನನ್ನನ್ನು ಬರಮಾಡಿಕೊಂಡ ಮಿತ್ರರು ಧಾರವಾಡದ ಕಡೆಯವರು. ಉತ್ತರದೇಶದ ಕಟ್ಟಡದ ಕಾಮಗಾರಿಗಳಲ್ಲಿಯೇ ಆಯುಷ್ಯವನ್ನು ಸವೆಸಿ, ನಿವೃತ್ತರಾದ ಮೇಲೂ ಊರಿಗೆ ಹಿಂದಿರುಗಲಾರದೆ ಅಲ್ಲಿಯೇ ನೆಲೆನಿಂತ ಎಂಜಿನಿಯರು. ಪುಸ್ತಕಗಳನ್ನು ಕಂಡ ಕೂಡಲೇ ಅವರು, “ಅವನ್ನ ಚೀಲದಾಗ ಇಟ್ಟುಬಿಡ್ರಿ. ಈ ಊರು ತಿಳೀಬೇಕಂದ್ರ ಮದಲ ಇದರ ಮಣ್ಣು ನೋಡಬೇಕ್ರಿ,” ಎಂದರು. ನನ್ನ ಪ್ರವಾಸ ಆ ಮಾತಿನ ದಿಕ್ಕಿನಲ್ಲಿಯೇ ಸಾಗಿತು.

ಪೂರ್ವವೃತ್ತಾಂತವನ್ನು ಎಲ್ಲರೂ ಬಲ್ಲರಾದಕಾರಣ ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. 1947ರ ವಿಭಜನೆಯಲ್ಲಿ ಲಾಹೋರು ಗಡಿಯಾಚೆ ಉಳಿದು, ಭಾರತದ ಪಾಲಿಗೆ ಬಂದ ಪಂಜಾಬು ರಾಜಧಾನಿಯಿಲ್ಲದ ಪ್ರಾಂತವಾಯಿತು. ಸರಕಾರ ಶಿಮ್ಲಾದ ಬೆಟ್ಟದ ಮೇಲೆ ತಾತ್ಕಾಲಿಕವಾಗಿ ಕುಳಿತಿತು. ಶಿವಾಲಿಕ ಗಿರಿಶ್ರೇಣಿಯ ಪಾದದಲ್ಲಿ, ಎರಡು ಹಳ್ಳಗಳ ನಡುವೆ, ಮಾವಿನ ತೋಪುಗಳೂ ಹಳ್ಳಿಗಳೂ ಇದ್ದ ಫಲವತ್ತಾದ ಬಯಲನ್ನು ಆರಿಸಿದವರಲ್ಲಿ ಆಡಳಿತಾಧಿಕಾರಿ ಪಿ. ಎನ್. ಥಾಪರ್ ಮತ್ತು ಮುಖ್ಯ ಎಂಜಿನಿಯರು ಪಿ. ಎಲ್. ವರ್ಮಾ ಪ್ರಮುಖರು. ಅಮೆರಿಕದ ಆಲ್ಬರ್ಟ್ ಮೇಯರ್ ಮೊದಲ ನಕ್ಷೆಯನ್ನು ಬರೆದರು. ಅವರ ಸಹಕಾರಿಯಾಗಿದ್ದ ಮ್ಯಾಥ್ಯೂ ನೊವಿಟ್ಸ್‌ಕಿ 1950ರ ವಿಮಾನ ದುರಂತದಲ್ಲಿ ತೀರಿಕೊಂಡರು. ಆಗ ಥಾಪರರೂ ವರ್ಮರೂ ಯೂರೋಪಿಗೆ ಹೋಗಿ ಲ ಕಾರ್ಬೂಸಿಯೇ, ಆತನ ದಾಯಾದಿ ಪಿಯೇರ್ ಜಾನ್ನೆರೆ, ಇಂಗ್ಲೆಂಡಿನ ದಂಪತಿಗಳಾದ ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ಇವರನ್ನು ಒಪ್ಪಿಸಿ ಕರೆತಂದರು. ಒಪ್ಪುವ ಮುನ್ನ ಕಾರ್ಬೂಸಿಯೇ, ನಿಮ್ಮ ರಾಜಧಾನಿಯನ್ನು ಪ್ಯಾರಿಸ್ಸಿನ ನನ್ನ ಕಚೇರಿಯಲ್ಲಿ ಕುಳಿತೇ ರಚಿಸಬಹುದಲ್ಲ ಎಂಬ ಅರ್ಥದ ಮಾತನಾಡಿದನೆಂದು ಹೇಳುತ್ತಾರೆ. ನಕ್ಷೆಯನ್ನೇನೋ ಅಲ್ಲಿ ರಚಿಸಬಹುದಾಗಿತ್ತು; ಇಟ್ಟಿಗೆಯನ್ನು ಮಾತ್ರ ಅಲ್ಲಿ ಸುಡುವಂತಿರಲಿಲ್ಲ.

ಊರಿನಿಂದ ಬಡಗಣಕ್ಕೆ ನೋಡಿದರೆ ಎದುರಿಗೇ ಗಿರಿಪಂಕ್ತಿ. ಬೆಟ್ಟವನ್ನು ಕಂಡರೆ ಕಲ್ಲಿದೆಯೆಂದೇ ಭಾವಿಸತಕ್ಕ ನಮ್ಮ ಕಡೆಯವರಿಗೆ, ಇಷ್ಟು ಹತ್ತಿರದಲ್ಲಿ ಪರ್ವತವನ್ನಿಟ್ಟುಕೊಂಡೂ ಇವರು ಊರನ್ನೆಲ್ಲ ಇಟ್ಟಿಗೆಯಲ್ಲಿಯೂ ಕಾಂಕ್ರೀಟಿನಲ್ಲಿಯೂ ಏತಕ್ಕೆ ಕಟ್ಟಿದರೆಂದು ಆಶ್ಚರ್ಯವಾಗುವುದು ಸಹಜ. ಆದರೆ ಶಿವಾಲಿಕವು ನಮ್ಮ ಸಾವನದುರ್ಗದಂತೆ ಏಕಶಿಲೆಯ ಬೆಟ್ಟವಲ್ಲ. ಹಿಮಾಲಯದಿಂದಿಳಿದ ಪುರಾತನ ನದಿಗಳು ಯುಗಯುಗಗಳಲ್ಲಿ ತಂದು ಸುರಿದ ಮರಳು, ಜೇಡಿ, ಉರುಟುಗಲ್ಲುಗಳ ರಾಶಿಯೇ ಅಲ್ಲಿ ಮೇಲೆದ್ದು ನಿಂತಿದೆ. ಪಾಕ ಸಾಲದೆ ಹೋದ ಶೇಂಗಾ ಉಂಡೆಯಂತೆ ಕೈಯಿಟ್ಟಲ್ಲಿ ಉದುರುತ್ತದೆ. ಮಳೆಗಾಲದಲ್ಲಿ ಅದನ್ನು ಕೊರೆದುಕೊಂಡು ಬರುವ ಹಳ್ಳಗಳನ್ನು ಅಲ್ಲಿ ‘ಚೋ’ ಎನ್ನುತ್ತಾರೆ. ವರ್ಷದ ಬಹುಭಾಗ ಬತ್ತಿದ ಮರಳಿನ ಹಾಸು, ಆಷಾಢ ಶ್ರಾವಣಗಳಲ್ಲಿ ಅಕಸ್ಮಾತ್ತಾಗಿ ಕೆಂಪು ಪ್ರವಾಹ. ನಗರದ ಪೂರ್ವಕ್ಕೆ ಸುಖ್ನಾ ಚೋ, ಪಶ್ಚಿಮಕ್ಕೆ ಪಟಿಯಾಲೀ ಕೀ ರಾವ್. ಮನೆ ಕಟ್ಟುವವನಿಗೆ ಇವು ಕೊಡುವುದು ಮರಳು, ಬಜರಿಯೆಂಬ ಹೊಳೆಜಲ್ಲಿ, ಮುಷ್ಟಿಯಿಂದ ಕುಂಬಳಕಾಯಿಯವರೆಗಿನ ಗಾತ್ರದ ಉರುಟುಗಲ್ಲು. ಕಡೆಯುವುದಕ್ಕೂ ಸೀಳುವುದಕ್ಕೂ ಒದಗುವ ಶಿಲೆ ಅಲ್ಲಿ ಇಲ್ಲ.

ಸರಿಯಾಗಿ ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ನಡೆಯುತ್ತಿದ್ದ ಒಂದು ಕಾರ್ಯವನ್ನು ಇಲ್ಲಿ ನೆನೆಯದಿರಲಾರೆ. 1951ರ ಜುಲೈ 13ರಂದು ಜವಾಹರಲಾಲ ನೆಹರೂ ಅವರು ವಿಧಾನಸೌಧಕ್ಕೆ ಅಸ್ತಿಭಾರವಿಟ್ಟರು. ಮರುವರ್ಷ ಅದೇ ನೆಹರೂ ಚಂಡೀಗಢದ ಬಯಲಿನಲ್ಲಿ ನಿಂತರು. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರಿಗೆ ಮಲ್ಲಸಂದ್ರ, ಹೆಸರಘಟ್ಟಗಳ ಕಣಶಿಲೆ ಊರ ಬಾಗಿಲಿನಲ್ಲಿಯೇ ಇತ್ತು. ಅಲಂಕಾರಕ್ಕೆ ಮಾಗಡಿಯ ನಸುಗೆಂಪು, ತುರುವೇಕೆರೆಯ ಕಪ್ಪು. ಕಡೆಯಲು ವಂಶಪಾರಂಪರ್ಯವಾಗಿ ಉಳಿ ಹಿಡಿದ ಕಲ್ಲುಕುಟಿಗರು. ಸಾಲದಿದ್ದಲ್ಲಿ ಸೆರೆಮನೆಯ ಕೈದಿಗಳು. ಒಂದು ಸೌಧ ದ್ರಾವಿಡಶಿಲ್ಪದ ಕಡೆ ಮುಖಮಾಡಿದುದಕ್ಕೂ, ಇನ್ನೊಂದು ರಾಜಧಾನಿ ಅಲಂಕಾರವನ್ನೇ ತೊರೆದು ನಿಂತುದಕ್ಕೂ ಕರ್ತೃಗಳ ಮನೋಧರ್ಮವನ್ನು ಕಾರಣವಾಗಿ ಹೇಳುವುದುಂಟು. ಕಾರಣದ ಅರ್ಧಾಂಶ ಕಾಲಡಿಯಲ್ಲಿತ್ತೆಂಬುದು ನನ್ನ ಮತ. ಪಂಜಾಬಿನಲ್ಲಿ ಕೆತ್ತಲು ಕಲ್ಲೇ ಇಲ್ಲದಿರುವಾಗ ಕಾರ್ಬೂಸಿಯೇಯ ವೈರಾಗ್ಯ ಸ್ವಲ್ಪಮಟ್ಟಿಗೆ ನಿರುಪಾಯದ ವೈರಾಗ್ಯವೂ ಹೌದು.

ಮೊದಲು ಕಟ್ಟಲ್ಪಟ್ಟ ಭಾಗಗಳಲ್ಲಿ ಒಂದಾದ 22ನೆಯ ಸೆಕ್ಟರಿನಲ್ಲಿ ಮಿತ್ರರೊಡನೆ ನಿಧಾನವಾಗಿ ನಡೆದಾಡಿದೆ. ಒಂದೂವರೆ ಲಕ್ಷ ಜನರಿಗೆಂದು ಮೊದಲ ಹಂತ, ಮನೆಗಳು ತತ್‌ಕ್ಷಣ ಬೇಕು, ಹಣ ಅಲ್ಪ. ಮಂತ್ರಿಯಿಂದ ಜವಾನನವರೆಗೆ ಸರಕಾರಿ ಗೃಹಗಳನ್ನು ಮೊದಲಿಗೆ 13 ವರ್ಗಗಳಾಗಿ ವಿಂಗಡಿಸಿದ್ದರು. ಇವುಗಳ ಭಾರ ಬಿದ್ದುದು ಫ್ರೈ, ಡ್ರೂ, ಜಾನ್ನೆರೆ ಮತ್ತು ಅವರ ಕೈಕೆಳಗೆ ಸೇರಿದ ಯುಲೀ ಚೌಧರಿ, ಎಂ. ಎನ್. ಶರ್ಮಾ, ಆದಿತ್ಯ ಪ್ರಕಾಶ್ ಮೊದಲಾದ ಭಾರತೀಯ ತರುಣರ ಮೇಲೆ. ಗಾಜು ದುಬಾರಿ, ಉಕ್ಕು ದುರ್ಲಭ, ಸಿಮೆಂಟಿಗೆ ಪರ್ಮಿಟ್ಟು. ಅಗ್ಗವಾಗಿ ಸಿಗತಕ್ಕದ್ದು ಒಂಬತ್ತಂಗುಲದ ಇಟ್ಟಿಗೆಯೊಂದೇ. ಆದಕಾರಣ ಗೋಡೆಗೂ ಇಟ್ಟಿಗೆ, ಕಿಟಕಿಯ ಸ್ಥಾನದಲ್ಲಿ ಇಟ್ಟಿಗೆಗಳನ್ನು ಬಿಡಿಬಿಡಿಯಾಗಿ ಜೋಡಿಸಿದ ಜಾಲಂಧ್ರ, ಬಿಸಿಲು ತಡೆಯಲು ಇಟ್ಟಿಗೆಯ ಚಾಚು, ಅಂಗಳದ ಮರೆಗೂ ಇಟ್ಟಿಗೆ. ಇಟ್ಟಿಗೆಗಳ ನಡುವೆ ಕಬ್ಬಿಣದ ಸರಳು ಹಾಯಿಸಿ ಛಾವಣಿಯನ್ನು ಹಾಕುವ ಉಪಾಯವೂ ಆ ಕಡೆ ರೂಢಿಯಲ್ಲಿದೆ; ಸಿಮೆಂಟು ಉಳಿಯುತ್ತದೆ. ಅಪರಾಹ್ನದ ಬಿಸಿಲು ಆ ಜಾಲಂಧ್ರಗಳ ಮೂಲಕ ಒಳಗೆ ಬಿದ್ದಾಗ ಮನೆ ಬಡವರದೆಂದು ಹೇಳಲು ಮನಸ್ಸು ಬಾರದು. ಆದರೆ ಕೆಲವು ಗೋಡೆಗಳ ಬುಡದಲ್ಲಿ ಮಾರುದ್ದ ಬಿಳಿಯ ಹೂ ಬಿಟ್ಟಿದೆ. “ಉಪ್ಪರಿ ಅದು,” ಎಂದರು ಮಿತ್ರರು, ಉಗುರಿನಿಂದ ಕೆರೆದು ತೋರಿಸುತ್ತ. “ನೆಲದಾಗಿನ ಕ್ಷಾರ ನೀರಿನ ಕೂಡ ಏರಿ ಬರ್ತದ. ಇಟ್ಟಿಗೀನ್ನ ಒಳಗಿಂದ ತಿಂತದ.” ಪಂಜಾಬಿನ ಮೆಕ್ಕಲು ಉದಾರವಾದುದೇ, ಆದರೆ ಅದರ ಔದಾರ್ಯದಲ್ಲಿ ಈ ಲವಣವೂ ಸೇರಿದೆ.

ಉರುಟುಗಲ್ಲನ್ನು ಆದರಿಸಿದವನು ಜಾನ್ನೆರೆ. ಕಾರ್ಬೂಸಿಯೇ ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದನಷ್ಟೆ. ಜಾನ್ನೆರೆಯಾದರೋ 1965ರವರೆಗೆ ಅಲ್ಲಿಯೇ ವಾಸಮಾಡಿ, ಹಳ್ಳದ ಕಲ್ಲು, ಬಿದಿರು, ಹಗ್ಗ, ಬೆತ್ತ, ಏನು ಸುಲಭವಾಗಿ ದೊರೆಯಿತೋ ಅದರಿಂದ ಗೋಡೆಯನ್ನೂ ಕುರ್ಚಿಯನ್ನೂ ಕಲ್ಪಿಸುತ್ತಿದ್ದನು. 5ನೆಯ ಸೆಕ್ಟರಿನ ಅವನ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಕಚೇರಿಗಳಿಗಾಗಿ ಅವನ ಮೇಲ್ವಿಚಾರಣೆಯಲ್ಲಿ ತಯಾರಾದ ತೇಗದ ಕುರ್ಚಿಗಳನ್ನು ಮುಂದಿನ ತಲೆಮಾರು ಮುರುಕಲೆಂದು ಹರಾಜಿನಲ್ಲಿ ಮಾರಿತು. ಅವೇ ಕುರ್ಚಿಗಳು ಯೂರೋಪ್ ಅಮೆರಿಕಗಳ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಬಿಕರಿಯಾದವು. ಅವನ ಚಿತಾಭಸ್ಮವನ್ನು ಸುಖ್ನಾ ಸರೋವರದಲ್ಲಿ ವಿಸರ್ಜಿಸಿದ್ದಾರೆ. ವರ್ಮರ ಮುತುವರ್ಜಿಯಿಂದ 1958ರಲ್ಲಿ ಏರಿ ಹಾಕಿ ಕಟ್ಟಿದ ಆ ಸರೋವರಕ್ಕೆ ಶಿವಾಲಿಕದ ಸಡಿಲ ಮಣ್ಣು ಇಳಿದಿಳಿದು, ನೀರು ನಿಲ್ಲುವ ಎಡೆಯಲ್ಲಿ ಅರ್ಧಕ್ಕೂ ಹೆಚ್ಚನ್ನು ಹೂಳು ಆಕ್ರಮಿಸಿತು.

ಸಿಮೆಂಟಿನ ಪ್ರಸಂಗ ಇನ್ನೂ ಜಟಿಲ. ಅವಿಭಕ್ತ ಪಂಜಾಬಿಗೆ ಸಿಮೆಂಟು ಒದಗಿಸುತ್ತಿದ್ದ ವಾಹ್ ಮತ್ತು ದಂಡೋತ್ ಕಾರ್ಖಾನೆಗಳೆರಡೂ ಗಡಿಯಾಚೆ ಹೋದವು. ಈಚೆಗೆ ಉಳಿದುದು ದಕ್ಷಿಣದ ದಾದರಿಯದೊಂದು, ಮತ್ತು ಚಂಡೀಗಢದ ಸಮೀಪದಲ್ಲಿಯೇ ಪಿಂಜೋರಿನ ಬಳಿ ಸೂರಜಪುರದಲ್ಲಿ ಪಟಿಯಾಲಾ ಸಂಸ್ಥಾನದ ಕಾಲದಲ್ಲಿ ಸ್ಥಾಪಿತವಾದ ಭೂಪೇಂದ್ರ ಸಿಮೆಂಟ್ ಕಾರ್ಖಾನೆ. ಹೊಸ ರಾಜಧಾನಿಯ ನೆತ್ತಿಯ ಮೇಲೆಯೇ ಸಿಮೆಂಟಿನ ಗಿರಣಿ ಇದ್ದುದು ದೈವಾನುಕೂಲವೆನ್ನಬೇಕು. ಆದರೆ ಅದೇ ವರ್ಷಗಳಲ್ಲಿ ಅದೇ ಪ್ರಾಂತದಲ್ಲಿ ಸತಲಜ್ ನದಿಗೆ ಅಡ್ಡಲಾಗಿ ಭಾಕ್ರಾ ಆಣೆಕಟ್ಟು ಏಳುತ್ತಿತ್ತು. 226 ಮೀಟರ್ ಎತ್ತರದ ಆ ಕಾಂಕ್ರೀಟಿನ ಭಿತ್ತಿಯ ಪಕ್ಕದಲ್ಲಿ ಜವಾನರ ಮನೆಗಳ ಬೇಡಿಕೆಗೆ ಎಷ್ಟು ಬೆಲೆ ಇದ್ದೀತು! ನೀರಾವರಿಯೂ ವಿದ್ಯುತ್ತೂ ಮೊದಲು, ಊರು ಅನಂತರ, ಎಂಬ ತರ್ಕವನ್ನು ಯಾರೂ ತಪ್ಪೆನ್ನಲಾರರು. ಕಲ್ಲಿದ್ದಲು ರಾಣೀಗಂಜ್, ಝರಿಯಾಗಳಿಂದ ರೈಲಿನಲ್ಲಿ ದೇಶವನ್ನು ಅಡ್ಡಹಾಯ್ದು ಬರಬೇಕು. ಉಕ್ಕು ಅದಕ್ಕಿಂತಲೂ ವಿರಳ. ಪಂಜಾಬಿನ ಕುಶಲಕರ್ಮಿಗಳಲ್ಲಿ ಬಹುಮಂದಿ ಮುಸಲ್ಮಾನರಾಗಿದ್ದು ಅವರೂ ಗಡಿ ದಾಟಿ ಹೋಗಿದ್ದರು. ಬಂದ ನಿರಾಶ್ರಿತರಲ್ಲಿ ಕರಣಿಕೆ ಹಿಡಿಯಬಲ್ಲವರಿಗಿಂತ ಮನೆ ಕಳೆದುಕೊಂಡವರೇ ಹೆಚ್ಚು.

ಈ ದಾರಿದ್ರ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಕ್ಯಾಪಿಟಲ್ ಆವರಣವನ್ನು ನೋಡಬೇಕು. ಗುರುತಿನ ಚೀಟಿ ತೋರಿಸಿ, ಮಾರ್ಗದರ್ಶಕರ ಹಿಂದೆ ಗುಂಪಾಗಿ ಹೋಗತಕ್ಕ ಕ್ರಮ. ಬಂದೂಕು ಹಿಡಿದ ಕಾವಲುಗಾರರ ನಡುವೆ ಚಿಂತನೆಗೆ ಅವಕಾಶ ಕಡಿಮೆ. 254 ಮೀಟರ್ ಉದ್ದದ ಸಚಿವಾಲಯ, 1955ರಲ್ಲಿ ತೆರೆದ ಉಚ್ಚ ನ್ಯಾಯಾಲಯ, ಕಾರ್ಖಾನೆಯ ಶೀತಕ ಗೋಪುರವನ್ನು ಹೋಲುವ ಕಂಠವನ್ನು ಮೇಲೆತ್ತಿದ ವಿಧಾನಸಭೆ, ಮೂರೂ ಹೊರಗಾರೆಯಿಲ್ಲದ ನಗ್ನ ಕಾಂಕ್ರೀಟು. ದೂರದಿಂದ ಗಂಭೀರ, ಹತ್ತಿರ ಹೋದರೆ ಒರಟು. ಸೆಂಟ್ರಿಂಗ್ ಹಲಗೆಗಳ ಎಳೆ, ಗಂಟು, ಎರಡು ಹಲಗೆಗಳ ನಡುವೆ ಸೋರಿ ಹೆಪ್ಪುಗಟ್ಟಿದ ಹಾಲು, ಇಂದಿನ ಸುರಿತಕ್ಕೂ ನಾಳಿನ ಸುರಿತಕ್ಕೂ ನಡುವಣ ಗೆರೆ, ಜಲ್ಲಿ ಒಂದೆಡೆ ಸೇರಿ ಬಿಟ್ಟ ಗೂಡುಗಳು, ಎಲ್ಲವೂ ಹಾಗೆಯೇ ಇವೆ. ಇದನ್ನು ಕಾರ್ಬೂಸಿಯೇ ಮುಚ್ಚಿಸಲಿಲ್ಲ, ಇದೇ ಸೌಂದರ್ಯವೆಂದನು. ಬೇರೆ ಮಾರ್ಗವಿತ್ತೇ ಎಂದು ಕೇಳಬಹುದು. ಅಂದಿನ ಛಾಯಾಚಿತ್ರಗಳಲ್ಲಿ ಬಿದಿರಿನ ಸಾರುವೆ, ಅದನ್ನು ಬಳಸಿ ಏರುವ ಇಳಿಜಾರು ದಾರಿ, ಅದರ ಮೇಲೆ ತಲೆಯ ಮೇಲಿನ ಬಾಣಲಿಯಲ್ಲಿ ಕಲಸಿದ ಕಾಂಕ್ರೀಟನ್ನು ಹೊತ್ತು ಸಾಲಾಗಿ ಸಾಗುವ ಸ್ತ್ರೀಯರು, ಕೆಳಗೆ ಮಣ್ಣು ಹೊರುವ ಕತ್ತೆಗಳು. ಇಪ್ಪತ್ತನೆಯ ಶತಮಾನದ ಅತ್ಯಾಧುನಿಕ ಕಟ್ಟಡಗಳೆಂದು ಪಾಶ್ಚಾತ್ಯ ಪತ್ರಿಕೆಗಳು ಹೊಗಳಿದ ಸೌಧಗಳಿಗೆ ಸಾಮಗ್ರಿ ಏರಿದುದು ಈ ರೀತಿಯಲ್ಲಿ. ಬುಟ್ಟಿಬುಟ್ಟಿಯಾಗಿ ಬಂದು ಬೀಳುವ ಕಾಂಕ್ರೀಟಿಗೆ ಕನ್ನಡಿಯ ನುಣುಪು ಹೇಗೆ ಬಂದೀತು? ದೋಷವೆಂದು ಕರೆಯಬಹುದಾದುದನ್ನು ಶೈಲಿಯೆಂದು ಸ್ವೀಕರಿಸಿದುದರಲ್ಲಿ ಆ ವಿದೇಶೀಯನ ಜಾಣ್ಮೆಯೂ ಇದೆ, ಅವನ ಕೃತಜ್ಞತೆಯೂ ಇದೆ ಎಂದು ನನಗನ್ನಿಸಿತು. 2016ರಿಂದ ಈ ಆವರಣ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿದೆ; ಆ ಗೆರೆಗಳನ್ನೂ ಗೂಡುಗಳನ್ನೂ ಮುಚ್ಚಬೇಕಾದರೆ ಇನ್ನು ಬಲ್ಲವರ ಅಪ್ಪಣೆ ಬೇಕು.

ನಗ್ನ ಕಾಂಕ್ರೀಟಿನ ಇನ್ನೊಂದು ತೊಂದರೆಯನ್ನು ನ್ಯಾಯಾಲಯದಲ್ಲಿ ಅನುಭವಿಸಿದರು. ಕಠಿಣವಾದ ಗೋಡೆಗಳು ಮಾತನ್ನು ಹಿಂದಕ್ಕೆಸೆದು, ವಕೀಲರ ವಾದ ಪ್ರತಿಧ್ವನಿಯಲ್ಲಿ ಮುಳುಗಬಾರದೆಂದು ನ್ಯಾಯಾಸನದ ಹಿಂದೆ ಭಾರಿ ಉಣ್ಣೆಯ ಚಿತ್ರಪಟಗಳನ್ನು ತೂಗುಹಾಕಬೇಕಾಯಿತು. ಮುಖ್ಯ ನ್ಯಾಯಾಧೀಶರ ಸಭಾಂಗಣದ್ದು 144 ಚದರ ಮೀಟರು. ಉಳಿದ ಎಂಟು 64 ಚದರ ಮೀಟರಿನವು. ಕಾರ್ಬೂಸಿಯೇ ಬರೆದ ಮಾದರಿಯಂತೆ ಅವನ್ನು ನೇಯ್ದವರು ಕಾಶ್ಮೀರದ ನೇಕಾರರು. ಕೆಲವು ನ್ಯಾಯಮೂರ್ತಿಗಳಿಗೆ ಆ ಚಿತ್ರಗಳು ರುಚಿಸಲಿಲ್ಲವಂತೆ; ನ್ಯಾಯಮೂರ್ತಿಗಳ ಕಲಾಭಿರುಚಿಯ ಮೇಲೆ ಮೇಲ್ಮನವಿ ಸಲ್ಲದಾದಕಾರಣ ಆ ವಿಷಯವನ್ನು ಬಿಡುತ್ತೇನೆ.

ಇಷ್ಟೆಲ್ಲ ಸಾಮಗ್ರಿ ಬಂದಮೇಲೆ ಒಡೆದುದು, ಸೀಳಿದುದು, ಉಳಿದುದು ಇರಲೇಬೇಕಲ್ಲ. ನಗರಕ್ಕಾಗಿ ನೆಲಸಮವಾದ ಹಳ್ಳಿಗಳ ಅವಶೇಷಗಳೂ ಇದ್ದವು. ಪಶ್ಚಿಮ ಪಂಜಾಬಿನಿಂದ ಬಂದು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರಾಗಿದ್ದ ನೇಕ್‌ಚಂದ್ ಎಂಬಾತ ಇವನ್ನೂ ಹಳ್ಳದ ವಿಚಿತ್ರಾಕಾರದ ಕಲ್ಲುಗಳನ್ನೂ ಸೈಕಲ್ಲಿನ ಮೇಲೆ ಹೇರಿಕೊಂಡು, ಅರಣ್ಯಕ್ಕೆ ಮೀಸಲಾದ ಸರಕಾರಿ ಕಣಿವೆಯಲ್ಲಿ ಗುಟ್ಟಾಗಿ ಕೂಡಿಹಾಕಿ, ರಾತ್ರಿ ಹಳೆಯ ಟೈರು ಉರಿಸಿದ ಬೆಳಕಿನಲ್ಲಿ ಮನುಷ್ಯರನ್ನೂ ಮೃಗಪಕ್ಷಿಗಳನ್ನೂ ರಚಿಸುತ್ತ ವರ್ಷಗಳನ್ನು ಕಳೆದನು. 1975ರ ಸುಮಾರಿಗೆ ಅಧಿಕಾರಿಗಳಿಗೆ ಅದು ಗೊತ್ತಾದಾಗ, ಕಾನೂನಿನ ಪ್ರಕಾರ ಕೆಡವಬೇಕಾಗಿದ್ದುದನ್ನು ಕೆಡವದೆ, ಮರುವರ್ಷ ಸಾರ್ವಜನಿಕರಿಗೆ ತೆರೆದರು. ಅಲ್ಲಿಯ ಜನಜಂಗುಳಿ ನೋಡಿದರೆ ಕಾರ್ಬೂಸಿಯೇಗಿಂತ ನೇಕ್‌ಚಂದನಿಗೇ ಯಾತ್ರಿಕರು ಹೆಚ್ಚು. ಒಡೆದ ಬಳೆಗಳ ಚೂರು ಮೆತ್ತಿದ ಗೊಂಬೆಗಳ ಮುಂದೆ ಮಕ್ಕಳು ನಗುತ್ತಿದ್ದರು.

ಕಡೆಯಲ್ಲಿ ಮಿತ್ರರು ನನ್ನನ್ನು ಊರಾಚೆ, ಖರಡದ ಕಡೆಯ ಒಂದು ಇಟ್ಟಿಗೆಗೂಡಿಗೆ ಕರೆದುಕೊಂಡು ಹೋದರು. ಊರಾಚೆ ಎಂದೆ, ಹಾಗೆ ಆಚೆಯಿರುವುದಕ್ಕೂ ಕಾರಣವುಂಟು. 1952ರಲ್ಲಿ, ಇಟ್ಟಿಗೆಗಾಗಿ ಹಾತೊರೆಯುತ್ತಿದ್ದ ಆ ಕಾಲದಲ್ಲಿಯೇ, ಹೊಸ ರಾಜಧಾನಿಯ ಸುತ್ತ ಐದು ಮೈಲಿಯ ವಲಯದಲ್ಲಿ ಅನಿಯಂತ್ರಿತವಾಗಿ ಏನೂ ಏಳಬಾರದೆಂದು ಪರಿಧಿ ನಿಯಂತ್ರಣ ಕಾಯಿದೆಯನ್ನು ಮಾಡಿದರು. ಅನಂತರ ಅದನ್ನು ಹತ್ತು ಮೈಲಿಗೆ ವಿಸ್ತರಿಸಿದರು. ಇದ್ದಲಿನ ಗೂಡು, ಕುಂಬಾರರ ಆವಿಗೆ, ಸುಣ್ಣದ ಗೂಡು, ಇಟ್ಟಿಗೆಯ ಗೂಡು, ಕಲ್ಲು, ಬಜರಿ, ಸುರ್ಕಿ, ಕಂಕರು ತೋಡುವ ಕುಳಿ, ಇವಾವುದೂ ಪರವಾನಗಿಯಿಲ್ಲದೆ ಆ ವಲಯದಲ್ಲಿ ಕೂಡದು. ಉದ್ದೇಶ ನಿರ್ಮಲವೇ. ಆದರೂ ನಗರವು ತನ್ನನ್ನು ಕಟ್ಟಿದ ಹೊಗೆಯನ್ನು ತನ್ನ ಕಣ್ಣಿಗೆ ಬೀಳದಷ್ಟು ದೂರಕ್ಕೆ ನೂಕುವ ಈ ರೀತಿ ಚಂಡೀಗಢದ್ದೊಂದೇ ಅಲ್ಲ.

ಗೂಡು ಎಂದರೆ ನಮ್ಮ ಹಳ್ಳಿಗಳ ಚೌಕದ ಗೂಡಲ್ಲ. 1876ರಲ್ಲಿ ಬುಲ್ ಎಂಬ ಇಂಗ್ಲಿಷ್ ಎಂಜಿನಿಯರು ರೂಪಿಸಿದ, ಅಂಡಾಕಾರದ ದೊಡ್ಡ ಕಂದಕ. ಹಸಿ ಇಟ್ಟಿಗೆಗಳನ್ನು ಸಂದು ಬಿಟ್ಟು ಅದರಲ್ಲಿ ಪೇರಿಸಿ, ಮೇಲೆ ಬೂದಿ ಮಣ್ಣು ಮುಚ್ಚಿ, ಮೇಲಿನ ರಂಧ್ರಗಳಿಂದ ಕಲ್ಲಿದ್ದಲನ್ನು ಸುರಿಯುತ್ತಾರೆ. ಇಟ್ಟಿಗೆ ನಿಂತಲ್ಲಿಯೇ ಇರುತ್ತದೆ, ಬೆಂಕಿ ನಡೆಯುತ್ತದೆ. ಹಿಂದಣ ಸುಟ್ಟ ಇಟ್ಟಿಗೆಗಳ ನಡುವೆ ನುಸುಳುವ ಗಾಳಿ ಅವನ್ನು ಆರಿಸುತ್ತ ತಾನು ಕಾದು ಬೆಂಕಿಗೆ ಸೇರುತ್ತದೆ. ಬೆಂಕಿಯ ಹೊಗೆ ಮುಂದಣ ಹಸಿಯ ಸಾಲನ್ನು ಒಣಗಿಸುತ್ತ ಚಿಮಣಿಗೆ ಏರುತ್ತದೆ. ಹಿಂದೆ ತಗಡಿನ ಚಿಮಣಿಯನ್ನೇ ಹೊತ್ತು ಮುಂದೆ ಮುಂದೆ ನಿಲ್ಲಿಸುತ್ತಿದ್ದರು. ಈಗ ನಡುವೆ ಎತ್ತರವಾದ ಸ್ಥಿರ ಚಿಮಣಿ. ಒಮ್ಮೆ ಹೊತ್ತಿಸಿದ ಬೆಂಕಿ ಮಳೆಗಾಲದವರೆಗೆ ಆರಬಾರದು.

ಅಲ್ಲಿಯ ಮುನ್ಷಿ ವಯೋವೃದ್ಧರು, ಮಾತುಗಾರರು. ಪಥೇರರೆಂದು ಕರೆಯುವ ಅಚ್ಚು ಹೊಡೆಯುವವರು ಸಂಸಾರಸಮೇತ ಉತ್ತರಪ್ರದೇಶ, ಬಿಹಾರಗಳಿಂದ ದಸರೆ ದೀಪಾವಳಿಗಳ ಬಳಿಕ ಬರುತ್ತಾರೆ, ಕೂಲಿ ಸಾವಿರಕ್ಕಿಷ್ಟು, ಗಂಡ ಅಚ್ಚು ಹೊಡೆದರೆ ಹೆಂಡತಿ ಮಣ್ಣು ಹದಮಾಡುತ್ತಾಳೆ, ಮಕ್ಕಳು ಒಣಗುವ ಇಟ್ಟಿಗೆಯನ್ನು ಮಗ್ಗುಲು ಬದಲಿಸುತ್ತಾರೆ. ಬೆಂಕಿ ನೋಡಿಕೊಳ್ಳುವವರ ಪಂಗಡವೇ ಬೇರೆ, ಸುಟ್ಟುದನ್ನು ಹೊರತೆಗೆಯುವವರದು ಬೇರೆ. ಜೂನಿನ ಕೊನೆಗೆ ಎಲ್ಲ ಮುಗಿಯಬೇಕು. ಅಕಾಲದಲ್ಲಿ ಒಂದು ಮಳೆ ಬಂತೆಂದರೆ ಅಂಗಳದ ಲಕ್ಷ ಇಟ್ಟಿಗೆ ಮತ್ತೆ ಕೆಸರು. ಮಣ್ಣಿನಲ್ಲಿ ಕಂಕರೆಂಬ ಸುಣ್ಣಗಲ್ಲಿನ ಹರಳು ಉಳಿದಿದ್ದರೆ ಅದು ಬೆಂಕಿಯಲ್ಲಿ ಸುಣ್ಣವಾಗಿ, ಗೋಡೆ ಸೇರಿದ ಮೇಲೆ ತೇವ ಕುಡಿದು ಉಬ್ಬಿ ಇಟ್ಟಿಗೆಯನ್ನು ಸಿಡಿಸುತ್ತದೆ. ಬೆಂಕಿ ಸಾಲದ್ದು ಪೀಲಾ, ಮೀರಿದ್ದು ಝಾಮಾ, ಹದವಾದದ್ದು ಅವ್ವಲ್. ಮುನ್ಷಿಗಳು ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ಬಡಿದು ಕಂಚಿನ ನಾದವನ್ನು ಕೇಳಿಸಿದರು. ಈ ಕಾಲಗಣನೆಯನ್ನು ಕೇಳಿದ ಮೇಲೆ, 1953ರ ಅಕ್ಟೋಬರ್ 7ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ನಗರವನ್ನು ಉದ್ಘಾಟಿಸಿದಾಗ, ಆ ಮಳೆಗಾಲಕ್ಕೆ ಮುಂಚೆ ಸುಟ್ಟು ಒಟ್ಟಿದ ರಾಶಿ ಎಷ್ಟಿತ್ತೋ ಅಷ್ಟರಲ್ಲಿಯೇ ಮೇಸ್ತ್ರಿಗಳು ಆ ನಾಲ್ಕು ತಿಂಗಳನ್ನು ತೂಗಿಸಿರಬೇಕೆಂಬುದು ನನಗೆ ಹೊಳೆಯಿತು. ಸಮಾರಂಭಗಳ ದಿನಾಂಕವನ್ನು ನಿಶ್ಚಯಿಸುವವರು ಇಟ್ಟಿಗೆಯ ಋತುವನ್ನು ಕೇಳಿ ನಿಶ್ಚಯಿಸುವುದಿಲ್ಲ.

ಗೂಡಿನ ಪಕ್ಕದ ಗೋಧಿಯ ಹೊಲ ಉಳಿದ ಹೊಲಗಳಿಗಿಂತ ಆಳೆತ್ತರ ಕೆಳಗಿತ್ತು. ಮೇಲುಮಣ್ಣನ್ನು ಮಾರಿದ ರೈತನು ಗುಳಿಬಿದ್ದ ಹೊಲದಲ್ಲಿಯೇ ಮತ್ತೆ ಬಿತ್ತುತ್ತಾನೆ. ಮೊದಲ ಕೆಲವು ಬೆಳೆಗಳು ಕೃಶವಾಗಿರುತ್ತವೆ, ಮಳೆಯ ನೀರು ನಿಲ್ಲುತ್ತದೆ. ಚಂಡೀಗಢದ ಮಾರ್ಗವಾಗಿ ಬರುವಾಗ ಹೊಲಗಳು ಮೆಟ್ಟಿಲುಮೆಟ್ಟಿಲಾಗಿ ತಗ್ಗಿರುವುದು ಕಂಡಲ್ಲಿ ಅದು ನಿಸರ್ಗದ ಕೆಲಸವಲ್ಲ. ಇಟ್ಟಿಗೆ ಈಗ ಎಲ್ಲಿಗೆ ಹೋಗುತ್ತದೆಂದು ಕೇಳಿದೆ. “ಮೊಹಾಲಿಗೆ, ಮುಲ್ಲಾಂಪುರದ ನ್ಯೂ ಚಂಡೀಗಢಕ್ಕೆ. ಚಂಡೀಗಢ ಮುಗಿಯುವ ಊರಲ್ಲ ಬಾಬೂಜಿ,” ಎಂದರು ಮುನ್ಷಿಗಳು. ಅನಂತರ ನಮ್ಮ ಕಡೆ ಯಾತರಿಂದ ಕಟ್ಟುತ್ತೀರೆಂದು ವಿಚಾರಿಸಿದರು. ಮೊದಲು ಕಲ್ಲಿನಿಂದ ಕಟ್ಟುತ್ತಿದ್ದೆವು, ಈಗ ಬೆಂಗಳೂರಿನಲ್ಲಿ ಸಿಮೆಂಟಿನ ಬ್ಲಾಕು. ಮರಳಿಲ್ಲದುದರಿಂದ ಬೆಟ್ಟದ ಕಲ್ಲನ್ನು ಯಂತ್ರದಲ್ಲಿ ಅರೆದು ಎಂ-ಸ್ಯಾಂಡ್ ಮಾಡಿಕೊಳ್ಳುತ್ತೇವೆಂದೆ. ಅವರು ಮಿತ್ರರ ಕಡೆ ತಿರುಗಿ, ತಾವು ಸರಿಯಾಗಿ ಕೇಳಿಸಿಕೊಂಡೆವೇ ಎಂಬಂತೆ, “ಗಟ್ಟಿ ಕಲ್ಲನ್ನು ಪುಡಿಮಾಡಿ ಮರಳು ಮಾಡುತ್ತಾರೆಯೆ?” ಎಂದರು.

“ಹೌದ್ರಿ, ಮಾಡ್ತೀವಿ,” ಎಂದು ಮಿತ್ರರು ನನ್ನ ಪರವಾಗಿ ಕನ್ನಡದಲ್ಲಿಯೇ ಉತ್ತರಕೊಟ್ಟು, ಆಮೇಲೆ ಹಿಂದಿಯಲ್ಲಿ ಅದನ್ನು ವಿಸ್ತರಿಸತೊಡಗಿದರು. ಮುನ್ಷಿಗಳು ಅರ್ಧ ಕೇಳಿ, ಟ್ರಾಕ್ಟರಿನವನು ಲೆಕ್ಕಕ್ಕೆ ಕೂಗಿದ್ದರಿಂದ ಎದ್ದು ಹೋದರು.